ಮಾಚಾ ಲಾಟೆ ಗಂಟಾಗುವುದೇಕೆ, ಕಹಿಯಾಗುವುದೇಕೆ?

ಪ್ರಶ್ನೆ: ಮನೆಯಲ್ಲಿ ಮಾಚಾ ಲಾಟೆ (ಜಪಾನಿನ ಹಸಿರು ಚಹಾ ಎಲೆಯ ಪುಡಿಯನ್ನು ಹಾಲಿಗೆ ಬೆರೆಸಿದ ಪಾನೀಯ) ಮಾಡಿದರೆ ಪುಡಿ ಗಂಟುಗಂಟಾಗಿ ತೇಲುತ್ತದೆ, ಕುಡಿದರೆ ಕಹಿ. ಎಲ್ಲಿ ತಪ್ಪುತ್ತಿದೆ?

ಉತ್ತರ: ಪುಡಿಯನ್ನು ನೇರವಾಗಿ ಹಾಲಿಗೆ ಹಾಕುತ್ತಿರಬೇಕು, ಇಲ್ಲವೇ ಅದರ ಮೇಲೆ ಕುದಿಯುವ ನೀರು ಸುರಿಯುತ್ತಿರಬೇಕು. ಹೆಚ್ಚಿನವರ ಲಾಟೆ ಕೆಡುವುದು ಈ ಎರಡರಿಂದಲೇ.

ಮಾಚಾ ಸಕ್ಕರೆಯಂತೆ ಕರಗುವುದಿಲ್ಲ, ಟೀ ಪುಡಿಯಂತೆ ಸೋಸಿ ಚೆಲ್ಲುವಂಥದ್ದೂ ಅಲ್ಲ. ಇಡೀ ಎಲೆಯೇ ಹೊಟ್ಟೆಗೆ ಹೋಗುತ್ತದೆ. ಜಪಾನಿನ ಉಜಿ, ನಿಶಿಯೊ ಮುಂತಾದ ಕಡೆ ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಎಲೆಯನ್ನು ಹಬೆಯಲ್ಲಿ ಬಾಡಿಸಿ, ಒಣಗಿಸಿ, ನಾರು ಮತ್ತು ತೊಟ್ಟು ತೆಗೆದು ಕಲ್ಲಿನಲ್ಲಿ ಬೀಸುತ್ತಾರೆ. ಒಂದು ಬೀಸುಕಲ್ಲಿನಿಂದ ಗಂಟೆಗೆ ಸಿಗುವುದು ಸುಮಾರು 40 ಗ್ರಾಂ ಪುಡಿ ಮಾತ್ರ. ಅಷ್ಟು ನುಣುಪಾದ ಪುಡಿ ಡಬ್ಬಿಯಲ್ಲೇ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ತೇಲುವ ಗಂಟೊಂದನ್ನು ಚಮಚದಿಂದ ಒಡೆದು ನೋಡಿ: ಹೊರಗೆ ಒದ್ದೆ, ಒಳಗೆ ಒಣ ಹಿಟ್ಟು. ಅಂಬಲಿಗೆ ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೊಳ್ಳುತ್ತೇವಲ್ಲ, ಇಲ್ಲಿಯೂ ಅದೇ ಎಚ್ಚರ ಬೇಕು.

ಒಂದು ಲೋಟಕ್ಕೆ 2 ಗ್ರಾಂ ಪುಡಿ ಸಾಕು, ಅಂದರೆ ಅಂಚಿನ ಮಟ್ಟಕ್ಕೆ ತುಂಬಿದ ಒಂದು ಟೀ ಚಮಚ. ಅದನ್ನು ಟೀ ಸೋಸುವ ಜಾಲರಿಯಲ್ಲಿ ಅಗಲ ಬಟ್ಟಲಿಗೆ ಜರಡಿ ಹಿಡಿಯಿರಿ. ಈ ಅರ್ಧ ನಿಮಿಷದ ಕೆಲಸ ಬಿಡಲೇಬೇಡಿ. ಎರಡು ಚಮಚ ತಣ್ಣೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಆಮೇಲೆ 50 ಮಿ.ಲೀ. ಬಿಸಿನೀರು ಸೇರಿಸಿ ಕಡೆಯಿರಿ. ಮಾಚಾ ಕಡೆಯುವ ಬಿದಿರಿನ ಕುಂಚದಂಥ ಕಡೆಗೋಲು, ಚಾಸೆನ್, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಕ್ಕ ವಿಸ್ಕ್ ಆದೀತು. ದುಂಡಗೆ ತಿರುಗಿಸಿದರೆ ನೊರೆ ಏಳುವುದಿಲ್ಲ. ಮಣಿಕಟ್ಟಿನಿಂದ ಹಿಂದೆ ಮುಂದೆ ಬೇಗಬೇಗ 20 ಸೆಕೆಂಡು ಆಡಿಸಬೇಕು. ನೊರೆ ಎಬ್ಬಿಸುವ ಬ್ಯಾಟರಿ ಫ್ರಾದರ್ ಬಳಸಿದರೂ ಜರಡಿ ತಪ್ಪದು.

ನೀರು 75ರಿಂದ 80 ಡಿಗ್ರಿ ಸೆಲ್ಸಿಯಸ್ ಇರಲಿ. ಕುದಿಯುವ ನೀರು ಬಿದ್ದರೆ ಕಹಿ, ಒಗರು ಮುಂದಾಗಿ ಪರಿಮಳ ಮಂಕಾಗುತ್ತದೆ. ಥರ್ಮಾಮೀಟರ್ ಬೇಕಿಲ್ಲ: ಕುದಿದ ನೀರನ್ನು ತಣ್ಣಗಿನ ಲೋಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಸುರಿಯಿರಿ. ಪ್ರತಿ ಸಲ ಸುಮಾರು 10 ಡಿಗ್ರಿ ಇಳಿಯುತ್ತದೆ.

ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಹೇಗೋ ಹಾಗೆ ಈ ಹಸಿರು ದ್ರವ. ಇದಕ್ಕೆ 150 ಮಿ.ಲೀ. ಹಾಲು. 6% ಕೊಬ್ಬಿನ ಗಟ್ಟಿ ಹಾಲಿನಲ್ಲಿ ಮಾಚಾದ ರುಚಿ ಮುಳುಗಿಹೋಗುತ್ತದೆ, 3% ಕೊಬ್ಬಿನ ಟೋನ್ಡ್ ಹಾಲೇ ಸರಿ. ಕಾಯಿಸಿಟ್ಟ ಹಾಲಾದರೆ ಕೆನೆ ತೆಗೆದು ಮತ್ತೆ ಬಿಸಿಗಿಟ್ಟು, ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡೊಡನೆ ಇಳಿಸಿ. ಸಿಹಿ ಬೇಕಿದ್ದವರು ಸಕ್ಕರೆಯನ್ನು ಪುಡಿಯ ಜೊತೆಗೇ ಬೆರೆಸಿದರೆ ಗಂಟು ಇನ್ನೂ ಕಡಿಮೆ.

ಇಷ್ಟಾದರೂ ಕಹಿಯೇ? ಹಾಗಾದರೆ ಪುಡಿಯನ್ನು ಬಿಳಿ ಹಾಳೆಯ ಮೇಲೆ ಉಜ್ಜಿ ನೋಡಿ. ಎಳೆ ಹುಲ್ಲಿನ ಹೊಳೆಯುವ ಹಸಿರಿದ್ದರೆ ಚೆನ್ನಾಗಿದೆ. ಹಳದಿ, ಕಂದು ತಿರುಗಿದ್ದರೆ ಹಳೆಯದು ಅಥವಾ ಕೆಳದರ್ಜೆಯದು. 'ಸೆರಿಮೋನಿಯಲ್ ಗ್ರೇಡ್' (ಮೇಲ್ದರ್ಜೆಯದು ಎಂಬರ್ಥದಲ್ಲಿ ಹಾಕುವ) ಎಂಬ ಮುದ್ರೆ ನಂಬಿ ದುಡ್ಡು ಸುರಿಯಬೇಡಿ, ಜಪಾನಿನಲ್ಲಿ ಅದಕ್ಕೆ ಸರ್ಕಾರಿ ಮಾನದಂಡವಿಲ್ಲ.

ಗಾಳಿ, ಬೆಳಕು, ತೇವ ಮೂರೂ ಈ ಪುಡಿಗೆ ಆಗದು. ಕರಾವಳಿಯ ಮಳೆಗಾಲದಲ್ಲಂತೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಆದರೆ ಹೊರತೆಗೆದೊಡನೆ ಮುಚ್ಚಳ ಬಿಚ್ಚಿದರೆ ತಣ್ಣನೆಯ ಪುಡಿಯ ಮೇಲೆ ನೀರ ಪಸೆ ಕೂರುತ್ತದೆ. ಡಬ್ಬಿಯ ತಂಪು ಬಿಡುವವರೆಗೆ ಕಾಯಿರಿ.

ಲೋಟದ ತಳದಲ್ಲಿ ಕೊನೆಗೆ ಸ್ವಲ್ಪ ಹಸಿರು ಕೂತರೆ ಅದು ದೋಷವಲ್ಲ, ಕರಗದ ಎಲೆ ಅಷ್ಟೆ. ಲೋಟವನ್ನು ಒಮ್ಮೆ ಅಲುಗಿಸಿ ಕುಡಿಯಿರಿ.