ನಾಲ್ಕೇ ಜನರ ತಂಡಕ್ಕೂ ಖಾಸಗಿ ರಿಜಿಸ್ಟ್ರಿ ಬೇಕಾ?

ಪ್ರಶ್ನೆ: ಮಡಿಕೇರಿಯಲ್ಲಿ ನಾವು ನಾಲ್ಕು ಜನ ಸೇರಿ ಕಾಫಿ ತೋಟಗಳ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆಯುತ್ತೇವೆ. ಕೂಲಿ ಲೆಕ್ಕದ ಕೋಡ್ ಮೂರು ಆ್ಯಪ್‌ಗಳಲ್ಲೂ ಒಂದೇ. ಈಗ ಕಾಪಿ ಮಾಡಿ ಹಾಕುತ್ತಿದ್ದೇವೆ. ಖಾಸಗಿ ಪ್ಯಾಕೇಜ್ ರಿಜಿಸ್ಟ್ರಿ ನಮಗೂ ಬೇಕಾ?

ಉತ್ತರ: ಬೇಕು. ಒಂದು ಆ್ಯಪ್‌ನಲ್ಲಿ ತಪ್ಪು ತಿದ್ದಿ ಇನ್ನೆರಡರಲ್ಲಿ ಮರೆತರೆ ಯಾರದೋ ವಾರದ ಕೂಲಿ ಕಡಿಮೆಯಾಗುತ್ತದೆ. ಆ ಕೋಡನ್ನು ಒಂದು ಪ್ಯಾಕೇಜ್ ಮಾಡಿ, ವರ್ಷನ್ ನಂಬರ್ ಹಾಕಿ, ನಿಮ್ಮ ನಾಲ್ವರಿಗೆ ಮಾತ್ರ ಸಿಗುವ ಕಡೆ ಇಡಿ. ಖಾಸಗಿ ರಿಜಿಸ್ಟ್ರಿ ಅಂದರೆ ಇಷ್ಟೇ.

ಜಾವಾಸ್ಕ್ರಿಪ್ಟ್ ಆದರೆ ವೆರ್ಡಾಚೋ ಹಾಕಿಕೊಳ್ಳಿ, ಇದು ಖಾಸಗಿ ರಿಜಿಸ್ಟ್ರಿ ನಡೆಸುವ ಸಾಫ್ಟ್‌ವೇರ್. ಉಚಿತ, ಹಳೆಯ ಲ್ಯಾಪ್‌ಟಾಪ್ ಸಾಕು. ಎನ್‌ಪಿಎಂನಿಂದ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಸಾರ್ವಜನಿಕ ರಿಜಿಸ್ಟ್ರಿ) ಒಮ್ಮೆ ತಂದ ಪ್ಯಾಕೇಜಿನ ಪ್ರತಿಯನ್ನು ಅದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಇಂಟರ್ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ? 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಂನಿಂದ ತೆಗೆದಾಗ ಜಗತ್ತಿನಾದ್ಯಂತ ಬಿಲ್ಡ್‌ಗಳು, ಅಂದರೆ ಕೋಡಿನಿಂದ ಆ್ಯಪ್ ತಯಾರಿಸುವ ಕೆಲಸಗಳು, ಮುರಿದವು. ಸ್ವಂತ ಪ್ರತಿ ಇಟ್ಟುಕೊಂಡವರಿಗೆ ಆ ತಾಪತ್ರಯ ಇರಲಿಲ್ಲ.

ಆದರೆ ನಾನು ಜಾಸ್ತಿ ಹೆದರುವುದು ಹೆಸರಿಗೆ. ನಿಮ್ಮ ಪ್ಯಾಕೇಜಿಗೆ ಸುಮ್ನೆ 'ಕೂಲಿ-ಲೆಕ್ಕ' ಅಂತ ಹೆಸರಿಟ್ಟಿದ್ದೀರಿ ಅಂದುಕೊಳ್ಳಿ. ಹೊರಗಿನವನೊಬ್ಬ ಅದೇ ಹೆಸರಿನಲ್ಲಿ, 99ನೇ ವರ್ಷನ್ ಎಂದು, ಕೆಟ್ಟ ಕೋಡನ್ನು ಎನ್‌ಪಿಎಂಗೆ ಏರಿಸುತ್ತಾನೆ. ಎರಡೂ ಕಡೆ ಹುಡುಕುವ ವ್ಯವಸ್ಥೆ ದೊಡ್ಡ ನಂಬರ್ ನೋಡಿ ಅವನದನ್ನೇ ತರಬಹುದು. 2021ರಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಭದ್ರತಾ ಸಂಶೋಧಕ ಇದೇ ದಾರಿಯಲ್ಲಿ ಆ್ಯಪಲ್, ಮೈಕ್ರೋಸಾಫ್ಟ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ತನ್ನ ಕೋಡ್ ಓಡಿಸಿ ತೋರಿಸಿದ. ಪೈಥಾನ್‌ಗೆ ಪ್ಯಾಕೇಜ್ ತಂದುಕೊಡುವ ಪಿಪ್‌ನಲ್ಲೂ ಹೀಗೇ: 'ಎಕ್ಸ್‌ಟ್ರಾ ಇಂಡೆಕ್ಸ್' ಎಂದು ಎರಡನೇ ವಿಳಾಸ ಕೊಟ್ಟರೆ ಅದಕ್ಕೆ ಎರಡೂ ಸಮ.

ಹಾಗಾಗಿ ಹೆಸರಿನ ಮುಂದೆ ತಂಡದ ಸ್ಕೋಪ್ ಸೇರಿಸಿ, ಅಂದರೆ ಆ್ಯಟ್ ಗುರುತಿನಿಂದ ಶುರುವಾಗುವ ಭಾಗ. ಅದೇ ಸ್ಕೋಪನ್ನು ಎನ್‌ಪಿಎಂನಲ್ಲೂ ನಿಮ್ಮ ಹೆಸರಿಗೆ ಇವತ್ತೇ ಮಾಡಿಸಿಕೊಳ್ಳಿ. ವೆರ್ಡಾಚೋದ ಸೆಟ್ಟಿಂಗ್ ಫೈಲಿನಲ್ಲಿ ಆ ಸ್ಕೋಪಿಗೆ ಬೇರೆ ನಿಯಮ ಬರೆದು, ಅದರಲ್ಲಿ 'ಪ್ರಾಕ್ಸಿ' ಸಾಲು (ಹೊರಗಿನ ರಿಜಿಸ್ಟ್ರಿಯಲ್ಲಿ ಹುಡುಕು ಎನ್ನುವ ಸಾಲು) ಹಾಕಬೇಡಿ. ಆಗ ಆ ಹೆಸರುಗಳಿಗಾಗಿ ಅದು ಹೊರಗೆ ಹೋಗುವುದೇ ಇಲ್ಲ.

ರಿಜಿಸ್ಟ್ರಿಯ ಲಾಗಿನ್ ಟೋಕನ್ (ಪಾಸ್‌ವರ್ಡ್‌ನಂಥ ಗುಟ್ಟಿನ ಸಾಲು) ನಿಮ್ಮ ಕೋಡಿನ ಜೊತೆ ಗಿಟ್‌ಗೆ ಹೋಗದಂತೆ ನೋಡಿಕೊಳ್ಳಿ. ವೆರ್ಡಾಚೋದ ಸ್ಟೋರೇಜ್ ಫೋಲ್ಡರಿನ ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಲ್ಯಾಪ್‌ಟಾಪಿಗೆ ಸಿಡಿಲು ಬಡಿಯುವುದು ಇಲ್ಲಿ ಹೊಸದೇನಲ್ಲ.