ಉಳಿ ನೀಲಿಗಟ್ಟಿದರೆ ಹೋದದ್ದು ಬಣ್ಣವಲ್ಲ, ಹದ

ಬೆಂಚ್ ಗ್ರೈಂಡರಿಗೆ ಕೊಟ್ಟ ಉಳಿಯ ಅಂಚಿನಲ್ಲಿ ಇದ್ದಕ್ಕಿದ್ದಂತೆ ನವಿಲ ಕತ್ತಿನ ನೀಲಿ ಹರಿಯುತ್ತದೆ. ಆಗ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಉಳಿಯನ್ನು ಚುಂಯ್ ಎಂದು ನೀರಿಗದ್ದುತ್ತಾರೆ, ಆಮೇಲೆ ಆ ನೀಲಿಯನ್ನು ಎಮರಿ ಪೇಪರಿನಲ್ಲಿ ತಿಕ್ಕಿ ತೆಗೆಯುತ್ತಾರೆ. ಮೊದಲನೆಯದು ತಡವಾಯಿತು. ಎರಡನೆಯದು ಜ್ವರ ಬಂದವನ ಥರ್ಮಾಮೀಟರ್ ಕೊಡವಿ ಪಾದರಸ ಇಳಿಸಿದ ಹಾಗೆ. ಹದ, ಅಂದರೆ ಅಂಚು ಮೊಂಡಾಗದೆ, ಮುರಿಯದೆ ನಿಲ್ಲುವಷ್ಟು ಗಟ್ಟಿತನ, ಆಗಲೇ ಹೋಗಿದೆ, ಬಣ್ಣ ಅದರ ರಸೀದಿ ಅಷ್ಟೇ.

ಹಾಗೆಂದು ನೀಲಿ ಬಂದರೆ ಉಕ್ಕು ಸುಟ್ಟೇಹೋಯಿತು ಎನ್ನುವುದೂ ಅರೆ ತಿಳಿವಳಿಕೆಯೇ. ಅದೇ ನೀಲಿಯನ್ನು ಸ್ಪ್ರಿಂಗಿಗೆ, ಸ್ಕ್ರೂಡ್ರೈವರ್ ತುದಿಗೆ ಬೇಕೆಂದೇ ತರಿಸುತ್ತಾರೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕಡೆಯುವ ಚಾಣವಿರಲಿ, ಕೊರಟಗೆರೆ ಕಡೆ ಬಂಡೆ ಸೀಳುವ ಚಾಣವಿರಲಿ, ಮೊಂಡಾದದ್ದು ಕುಲುಮೆಗೆ ಹೋಗಿ ಚೂಪಾಗಿ, ನೀರು ಕುಡಿದು, ಅಂದರೆ ಕೆಂಪಗಿದ್ದಾಗಲೇ ನೀರಿಗದ್ದಿಸಿಕೊಂಡು ಬರಬೇಕು. ಕುಲುಮೆಯಲ್ಲಿ ಮೀಟರು ಇರುವುದಿಲ್ಲ. ಉಕ್ಕಿನ ಮೈಮೇಲೆ ಓಡುವ ಬಣ್ಣವೇ ಮೀಟರು.

ಕೆಂಡದಿಂದ ಹೊರಬಂದ ಚಾಣದ ಕೊನೆಯ ಎರಡೂವರೆ ಅಂಗುಲ ಕೆಂಪಗಿರುತ್ತದೆ. ತುದಿಯ ಮುಕ್ಕಾಲು ಅಂಗುಲವನ್ನಷ್ಟೇ ನೀರಿಗಿಳಿಸಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು. ಒಂದೇ ಮಟ್ಟದಲ್ಲಿ ನಿಲ್ಲಿಸಿದರೆ ನೀರಿನ ಗೆರೆ ಇದ್ದಲ್ಲೇ ಕೂದಲೆಳೆಯಷ್ಟು ಬಿರಿದು, ನಾಳೆ ಸುತ್ತಿಗೆ ಏಟಿಗೆ ಅಲ್ಲೇ ಮುರಿಯುತ್ತದೆ. ಆರೇಳು ಸೆಕೆಂಡಿಗೆ ಹೊರತೆಗೆದು, ಒಡೆದ ಸಾಣೆಕಲ್ಲಿನ ಚೂರಿನಿಂದ ಒಂದು ಮಗ್ಗುಲನ್ನು ಗಸಗಸ ತಿಕ್ಕಿದರೆ ಕಪ್ಪು ಹೋಗಿ ಬೆಳ್ಳಗಾಗುತ್ತದೆ. ಈಗ ಕಣ್ಣು ಮಿಟುಕಿಸಬಾರದು. ತುದಿ ತಣ್ಣಗಿದೆ, ಹಿಂದೆ ಕಾವು ಉಳಿದಿದೆ. ಆ ಕಾವು ತುದಿಯ ಕಡೆಗೆ ಹರಿದು ಬರುತ್ತಿದ್ದಂತೆ ಅದರ ಮುಂದೆ ಬಣ್ಣಗಳ ಮೆರವಣಿಗೆ ಹೊರಡುತ್ತದೆ. ಮೊದಲು ಒಣಹುಲ್ಲಿನ ತಿಳಿಹಳದಿ, ಸುಮಾರು 220 ಡಿಗ್ರಿ ಸೆಲ್ಸಿಯಸ್. ಅದರ ಬೆನ್ನಿಗೆ ಜೋನಿಬೆಲ್ಲದ ಕಂದು, 250ರ ಆಸುಪಾಸು. ಆಮೇಲೆ ನೇರಳೆ ಹಣ್ಣಿನ ಬಣ್ಣ, 280. ಕೊನೆಗೆ ನೀಲಿ, 300. ಮರದ ಉಳಿಗೆ ಹುಲ್ಲುಹಳದಿ ಸಾಕು. ಕಲ್ಲಿನ ಚಾಣಕ್ಕೆ ಕಂದು ಮತ್ತು ನೇರಳೆಯ ನಡುವೆ, ಕಬ್ಬಿಣ ಕತ್ತರಿಸುವ ಉಳಿಗೆ ನೇರಳೆ. ಬೇಕಾದ ಬಣ್ಣ ಅಂಚು ಮುಟ್ಟಿದ ಕ್ಷಣ ಪೂರ್ತಿ ಮುಳುಗಿಸಬೇಕು. ಅಷ್ಟರಲ್ಲಿ ಹಿಂಭಾಗದ ಕೆಂಪು ಆರಿರಬೇಕು, ಇಲ್ಲದಿದ್ದರೆ ಮೈಯೂ ಪೆಡಸಾಗಿ ಏಟಿಗೆ ಒಡೆಯುತ್ತದೆ.

ಸೋಜಿಗವೆಂದರೆ ಈ ಬಣ್ಣಗಳಲ್ಲಿ ಬಣ್ಣವೇ ಇಲ್ಲ. ಬಿಸಿ ಉಕ್ಕಿನ ಮೇಲೆ ಗಾಳಿಯ ಆಮ್ಲಜನಕ ಕೂತು ಆಕ್ಸೈಡಿನ ಪೊರೆ ಕಟ್ಟುತ್ತದೆ, ಕಾಯುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಹುಲ್ಲುಹಳದಿಯಲ್ಲಿ ಈ ಕೆನೆಯ ದಪ್ಪ ಸುಮಾರು 45 ನ್ಯಾನೋಮೀಟರ್, ನೀಲಿಯಲ್ಲಿ 70ರ ಆಸುಪಾಸು. ತಲೆಗೂದಲಿನ ಸಾವಿರದಲ್ಲೊಂದು ಪಾಲು. ಬೆಳಕು ಬಿದ್ದಾಗ ಒಂದಿಷ್ಟು ಕೆನೆಯ ಮೇಲ್ಮೈಯಿಂದಲೇ ಹಿಂತಿರುಗುತ್ತದೆ, ಉಳಿದದ್ದು ಕೆನೆ ದಾಟಿ ಉಕ್ಕಿಗೆ ಬಡಿದು ಬರುತ್ತದೆ. ಎರಡನೆಯದು ತುಸು ಹೆಚ್ಚು ದೂರ ನಡೆದಿದೆ, ಆದ್ದರಿಂದ ಹೆಜ್ಜೆ ತಪ್ಪಿದೆ. ಸಿದ್ಧಗಂಗೆ ಜಾತ್ರೆಯಲ್ಲಿ ತೇರಿನ ಎರಡು ಮಿಣಿಗಳನ್ನು ಹಿಡಿದ ಗುಂಪುಗಳು ಒಟ್ಟಿಗೆ ಎಳೆದರೆ ಗಾಲಿ ಉರುಳುತ್ತದೆ. ಒಂದು ಗುಂಪು ಜಗ್ಗುವಾಗ ಇನ್ನೊಂದು ಸಡಿಲ ಬಿಟ್ಟರೆ ತೇರು ಅಲ್ಲೇ ಕುಲುಕಾಡುತ್ತದೆ. ಕೆರೆಗೆ ಎರಡು ಕಲ್ಲು ಎಸೆದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು: ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಲ್ಲಿ ನೀರು ಸಪಾಟು. ಬೆಳಕೂ ಅಲೆಯೇ. ಕೆನೆ ತೆಳುವಿದ್ದಾಗ ಮೊದಲು ಸಪಾಟಾಗುವುದು ಗಿಡ್ಡ ಅಲೆಯ ನೀಲಿ ಬೆಳಕು. ಬಿಳಿಯಲ್ಲಿ ನೀಲಿ ಕಳೆದರೆ ಉಳಿಯುವುದು ಹಳದಿ. ಕೆನೆ ದಪ್ಪವಾದಂತೆ ಅಳಿಯುವ ಸರದಿ ಹಸಿರಿಗೆ, ಹಳದಿಗೆ, ಕೆಂಪಿಗೆ. ಕೊನೆಗೆ ಉಳಿದದ್ದು ನೀಲಿ. ಮಳೆ ನಿಂತ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲು, ಸೋಪಿನ ಗುಳ್ಳೆ, ಎರಡರ ಲೆಕ್ಕವೂ ಇದೇ. ನವಿಲುಗರಿಯೂ ಇದರ ಹತ್ತಿರದ ನೆಂಟ: ಅರೆದು ನೋಡಿದರೆ ನೀಲಿ ಪುಡಿ ಸಿಗುವುದಿಲ್ಲ, ಕಂದು ಹೊಟ್ಟು ಸಿಗುತ್ತದೆ.

ಕೆನೆಯ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಎಳೆಯಬೇಕು. ಹಾಲನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟರೂ ಕೆನೆ ದಪ್ಪವಾಗುತ್ತದೆ. ಹಾಗಾಗಿ ಬಣ್ಣ ಬರೀ ಥರ್ಮಾಮೀಟರಲ್ಲ, ಗಡಿಯಾರವೂ ಹೌದು. ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟ ಉಳಿ, ಕುಲುಮೆಯಲ್ಲಿ ಕೆಲವೇ ಸೆಕೆಂಡು ಹೆಚ್ಚು ಕಾವು ಕಂಡ ಉಳಿಯ ಬಣ್ಣವನ್ನೇ ತೋರಬಹುದು. ಸ್ಟೇನ್‌ಲೆಸ್ ಚಾಕುವಿಗೆ ಈ ಪಟ್ಟಿ ನಡೆಯುವುದಿಲ್ಲ, ಅದರ ಕ್ರೋಮಿಯಂ ಕೆನೆ ಬೇಗ ದಪ್ಪವಾಗದಂತೆ ತಡೆಯುತ್ತದೆ. ಬೆರಳಿನ ಜಿಡ್ಡು ತಾಗಿದ ಜಾಗವೂ ಸುಳ್ಳು ಹೇಳುತ್ತದೆ.

ಒಳಗೆ ಆಗುವುದೇನು? ಕೆಂಪಗೆ ಕಾದ ಉಕ್ಕಿನ ಹರಳಿನಲ್ಲಿ ಇಂಗಾಲದ ಪರಮಾಣುಗಳಿಗೆ ಕೂರಲು ಜಾಗವಿದೆ, ತಣಿದ ಹರಳಿನಲ್ಲಿ ಇಲ್ಲ. ನಿಧಾನವಾಗಿ ಆರಿಸಿದರೆ ಅವು ಇಳಿದು ಹೋಗುತ್ತವೆ, ಉಕ್ಕು ಮೆದುವಾಗುತ್ತದೆ. ಥಟ್ಟನೆ ತಣಿಸಿದರೆ ಬಾಗಿಲು ಮುಚ್ಚಿದ ಬಸ್ಸಿನಲ್ಲಿ ಸಿಕ್ಕಿಕೊಂಡವರಂತೆ ಬೆಣೆಯಾಗಿ ನಿಲ್ಲುತ್ತವೆ. ಅದೇ ಮಾರ್ಟೆನ್ಸೈಟ್: ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. 220 ಡಿಗ್ರಿಗೆ ಮತ್ತೆ ಕಾಯಿಸುವುದೆಂದರೆ ನಾಲ್ಕು ಜನರನ್ನು ಇಳಿಸಿ ಉಳಿದವರಿಗೆ ಉಸಿರಾಡಲು ಬಿಡುವುದು. 300ಕ್ಕೆ ಕಾಯಿಸಿದರೆ ಅರ್ಧ ಬಸ್ಸೇ ಖಾಲಿ. ಇಳಿದವರು ಉಳಿಯನ್ನು ನೀರಿಗದ್ದಿದರೆ ಮರಳಿ ಹತ್ತುವುದಿಲ್ಲ. ಮತ್ತೆ ಕೆಂಪಗೆ ಕಾಯಿಸಿದರೆ ಮಾತ್ರ ಹತ್ತುತ್ತಾರೆ.

ಈ ವಿದ್ಯೆ ನಮ್ಮ ಮಣ್ಣಿಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗದ ಸುತ್ತ ಹಳ್ಳದ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಕಾಲದಲ್ಲಿ ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿಯೊತ್ತಿ ಉಕ್ಕು ಮಾಡುತ್ತಿದ್ದರು. ರಸ್ತೆ ಬದಿ ಹಳದಿ ಹೂ ಬಿಡುವ ಅದೇ ತಂಗಡಿ. ಗಿಡಕ್ಕೆ ಮಹಿಮೆ ಏನೂ ಇಲ್ಲ, ಅದು ಕೊಟ್ಟದ್ದು ಇಂಗಾಲ. ನಮ್ಮ ‘ಉಕ್ಕು’ ಪದವೇ ಇಂಗ್ಲಿಷರ ಬಾಯಲ್ಲಿ ‘ವೂಟ್ಜ್’ ಆಯಿತೆಂದು ಬಹುಮಂದಿ ವಿದ್ವಾಂಸರ ಮತ. 1819ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕಲ್ ಫ್ಯಾರಡೆ ಈ ಉಕ್ಕನ್ನು ಪರೀಕ್ಷಿಸಿ ಅದರ ಗುಟ್ಟು ಅಲ್ಯುಮಿನಿಯಂನಲ್ಲಿ ಇರಬೇಕೆಂದು ಊಹಿಸಿದ. ಆ ಊಹೆ ತಪ್ಪಿತ್ತು. ಅಂಥವನೇ ತಪ್ಪಿದ ಮೇಲೆ ಊರ ಗುಟ್ಟುಗಾರರನ್ನು ಏನನ್ನುವುದು!

ಅನ್ನಲೇಬೇಕು ಬಿಡಿ. ‘ಆ ಬಾವಿಯ ನೀರಿನಲ್ಲೇ ಹದ ಕೂರುತ್ತದೆ’, ‘ಅಮಾವಾಸ್ಯೆ ದಿನ ನೀರು ಕುಡಿಸಬಾರದು’, ‘ಸೊಪ್ಪಿನ ರಸದ ಹೆಸರು ಹೇಳಿದರೆ ಶಕ್ತಿ ಹೋಗುತ್ತದೆ’. ಇಂಥ ಮಾತು ಎಲ್ಲ ದೇಶದಲ್ಲೂ ಇತ್ತು. 12ನೇ ಶತಮಾನದ ಯುರೋಪಿನ ಥಿಯೊಫಿಲಸ್ ಎಂಬ ಸನ್ಯಾಸಿ ಆಡಿನ ಮೂತ್ರವನ್ನೂ ಕೆಂಗೂದಲ ಹುಡುಗನ ಮೂತ್ರವನ್ನೂ ಶಿಫಾರಸು ಮಾಡಿದ್ದ. ನಮ್ಮ ವರಾಹಮಿಹಿರ 6ನೇ ಶತಮಾನದಲ್ಲಿ ಬಾಳೆಯ ಬೂದಿ ಕಲಸಿದ ಮಜ್ಜಿಗೆ ಹೇಳಿದ. ಇವುಗಳಲ್ಲಿ ಕೆಲಸ ಮಾಡುವ ಅಂಶ ಒಂದೇ, ಉಪ್ಪು. ಕೆಂಪು ಕಬ್ಬಿಣ ನೀರಿಗಿಳಿದಾಗ ಸುತ್ತ ಹಬೆಯ ಕಂಬಳಿ ಹೊದ್ದುಕೊಳ್ಳುತ್ತದೆ. ಕಾದ ದೋಸೆ ಹಂಚಿನ ಮೇಲೆ ನೀರಹನಿ ಆರದೆ ಓಡಾಡುವುದೂ ಅದೇ ಕಂಬಳಿಯ ದೆಸೆಯಿಂದ. 1756ರಲ್ಲೇ ಲೈಡೆನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಇದನ್ನು ವಿವರಿಸಿದ್ದ. ಕಂಬಳಿ ಇರುವಷ್ಟು ಹೊತ್ತು ಉಕ್ಕು ಬೇಗ ತಣಿಯುವುದಿಲ್ಲ, ಅಲ್ಲಲ್ಲಿ ಮೆದುವಾಗಿ ಉಳಿಯುತ್ತದೆ. ಉಪ್ಪುನೀರಿನಲ್ಲಿ ಕಂಬಳಿ ಪಟಪಟ ಹರಿಯುತ್ತದೆ. 10 ಲೀಟರ್ ನೀರಿಗೆ ಒಂದು ಕಿಲೋ ಕಲ್ಲುಪ್ಪು ಸಾಕು, ಹುಡುಗನನ್ನು ಹುಡುಕಬೇಕಿಲ್ಲ. ಬೋರ್‌ವೆಲ್ಲೋ ಬಾವಿಯೋ ಎನ್ನುವುದಕ್ಕಿಂತ ನೀರಿನ ಬಿಸಿ ಮುಖ್ಯ. ಹತ್ತಾರು ಚಾಣ ಅದ್ದಿ 60 ಡಿಗ್ರಿ ದಾಟಿದ ಬಾನಿಯ ನೀರು ಯಾವ ಪುಣ್ಯಬಾವಿಯದಾದರೂ ಹದ ಕೊಡದು.

ಮನೆಯ ಶೆಡ್ಡಿನಲ್ಲಿ ಮಾಡುವವರು ಮೊದಲು ಉಕ್ಕು ಯಾವುದೆಂದು ನೋಡಬೇಕು. ಕಟ್ಟಡದಲ್ಲಿ ಉಳಿದ ಟಿಎಂಟಿ ಕಂಬಿಯಿಂದ ಚಾಣ ಮಾಡಿ ಹದ ನಿಲ್ಲಲಿಲ್ಲ ಎಂದು ಗೊಣಗುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅದರಲ್ಲಿ ಇಂಗಾಲ ಶೇ. 0.3ನ್ನೂ ದಾಟುವುದಿಲ್ಲ, ಬಸ್ಸಿನಲ್ಲಿ ಜನವೇ ಇಲ್ಲ. ಲಾರಿಯ ಕಮಾನು ಪಟ್ಟಿಯಲ್ಲಿ ಶೇ. 0.5ರಿಂದ 0.6, ಹಳೆಯ ಒಳ್ಳೆಯ ಅರದಲ್ಲಿ ಶೇ. 1ಕ್ಕೂ ಮೇಲೆ. ಗ್ರೈಂಡರಿಗೆ ತಾಗಿಸಿ ಕಿಡಿ ನೋಡಿ: ಉದ್ದ ಗೆರೆಯಾಗಿ ಹೋದರೆ ಮೆದು ಕಬ್ಬಿಣ, ತುದಿಯಲ್ಲಿ ಸುರುಸುರುಬತ್ತಿಯಂತೆ ಕವಲೊಡೆದರೆ ಇಂಗಾಲವಿದೆ. ಅರವನ್ನು ಉಳಿ ಮಾಡುವುದಾದರೆ ಕೆಂಪಗೆ ಕಾಯಿಸಿ ಒಲೆಬೂದಿಯಲ್ಲಿ ಹೂತು ಬೆಳಗಿನವರೆಗೆ ಬಿಟ್ಟು ಮೆದು ಮಾಡಿಕೊಳ್ಳಿ, ಹಲ್ಲುಗಳನ್ನು ಪೂರ್ತಿ ಸವೆಸಿ. ಒಂದು ಹಲ್ಲಿನ ಗೀರು ಉಳಿದರೂ ಬಿರುಕು ಅಲ್ಲಿಂದಲೇ ಶುರು.

ಬಳ್ಳಾರಿ ಜಾಲಿ ಇದ್ದಿಲು, ಸಣ್ಣ ಬ್ಲೋವರ್ ಇದ್ದರೆ ಕಾವು ಸಿಗುತ್ತದೆ. ತಂತಿಗೆ ಕಟ್ಟಿದ ಅಯಸ್ಕಾಂತ ತಾಗಿಸಿ ನೋಡುತ್ತಿರಿ. 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಾದ ಮೇಲೆ ಇನ್ನೊಂದು ಛಾಯೆ ಕೆಂಪೇರಿದರೆ ಸಾಕು, ಕಿತ್ತಳೆ ದಾಟಿದರೆ ಉಕ್ಕಿನೊಳಗಿನ ಹರಳಿನ ಕಾಳು ದಪ್ಪವಾಗಿ ರವೆಯಂತೆ ಮುರಿಯುತ್ತದೆ. ಬಿಸಿಲಲ್ಲಿ ಕೆಂಪು ಕಾಣುವುದಿಲ್ಲ, ನೆರಳಲ್ಲಿ ಮಾಡಿ. ಕಮಾನು ಪಟ್ಟಿಯನ್ನು ನೀರಿಗೆ ಹಾಕಿದರೆ ‘ಟಿಂಕ್’ ಎಂಬ ಸದ್ದು ಕೇಳಿಸಬಹುದು, ಅದು ಬಿರಿದ ಸದ್ದು. ಅದಕ್ಕೆ ಎಣ್ಣೆಯೇ ಸರಿ. ಪಾವಗಡದ ಕಡಲೆಕಾಯಿ ಎಣ್ಣೆ ನಾಲ್ಕೈದು ಲೀಟರ್, ಕಬ್ಬಿಣದ ಡಬ್ಬಿಯಲ್ಲಿ, 50–60 ಡಿಗ್ರಿಗೆ ಬೆಚ್ಚಗೆ ಮಾಡಿ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ತಣ್ಣಗಿನದಕ್ಕಿಂತ ಬೇಗ ತಣಿಸುತ್ತದೆ. ಬೆಂಕಿ ಹತ್ತಿದರೆ ಮುಚ್ಚಲು ತಟ್ಟೆ ಪಕ್ಕದಲ್ಲೇ ಇರಲಿ, ನೀರು ಎರಚಬೇಡಿ. ಗಾಡಿಯ ಹಳೇ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ತಣಿದ ಮೇಲೆ ಅರ ಉಜ್ಜಿ ನೋಡಿ. ಗಾಜಿನ ಮೇಲಿನಂತೆ ಜಾರಿದರೆ ಗಟ್ಟಿಯಾಗಿದೆ, ಕಚ್ಚಿದರೆ ಕಾವು ಸಾಲಲಿಲ್ಲ. ಜಾರಿದ್ದನ್ನು ಹಾಗೇ ಬಳಸಬಾರದು, ಅದೇ ದಿನ ಮತ್ತೆ ಕಾಯಿಸಿ ಹುಲ್ಲುಹಳದಿಗೆ ಇಳಿಸಬೇಕು. ಸುತ್ತಿಗೆ ಬೀಳುವ ತಲೆಗೆ ಮಾತ್ರ ಎಂದೂ ನೀರು ಕುಡಿಸಬಾರದು. ಪೆಡಸು ತಲೆಯ ಚೂರು ಸಿಡಿಯುವುದು ಕಣ್ಣಿನ ಕಡೆಗೇ.

ಆಯುಧಪೂಜೆಯ ಮಾತೂ ಇಲ್ಲೇ ಬರಲಿ. ಪೂಜೆ ನಿಮ್ಮಿಷ್ಟ. ಆದರೆ ನಿಂಬೆಹಣ್ಣು ಕುಯ್ದ ಬಾಯಿಗೆ ಹಸಿ ಅರಿಸಿನ ಕುಂಕುಮ ಮೆತ್ತಿ ಮೂರು ದಿನ ಬಿಟ್ಟರೆ, ಆಮ್ಲವೂ ತೇವವೂ ಸೇರಿ ಅಂಚಿನಲ್ಲಿ ಗುಳಿ ತೋಡುತ್ತವೆ. ಮಂಗಳಾರತಿ ಮುಗಿದ ಸಂಜೆಯೇ ಒರೆಸಿ ಎರಡು ಹನಿ ಹೊಲಿಗೆಯಂತ್ರದ ಎಣ್ಣೆ ಸವರಿ, ಕುಂಕುಮವನ್ನು ಹಿಡಿಗೆ ಇಡಿ.

ಇನ್ನು ಆ ನೀಲಿಗಟ್ಟಿದ ಉಳಿ. ಮತ್ತೆ ಕುಲುಮೆಗೆ ಹೋಗಬೇಕಿಲ್ಲ. ನೀಲಿ ಒಂದೆರಡು ಮಿಲಿಮೀಟರ್ ಮಾತ್ರ ಇದ್ದರೆ ಅದರಾಚೆಗೂ ಅರ್ಧ ಮಿಲಿಮೀಟರ್ ಸೇರಿಸಿ ಸವೆಸಿ ತೆಗೆದರೆ ಹಿಂದೆ ಹದವಿರುವ ಉಕ್ಕು ಸಿಗುತ್ತದೆ. ನೆನಪಿರಲಿ, 8 ಅಂಗುಲದ ಚಕ್ರ ನಿಮಿಷಕ್ಕೆ 2,880 ಸುತ್ತಿನಲ್ಲಿ ಅಂಚನ್ನು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಉಜ್ಜುತ್ತದೆ, ತೆಳು ಅಂಚಿನ ಕಾವಿಗೆ ಓಡಿಹೋಗಲು ಹಾದಿ ಇಲ್ಲ. ಚಕ್ರದ ಮುಖ ಮಿನುಗುತ್ತಿದ್ದರೆ ಅದು ಕತ್ತರಿಸುತ್ತಿಲ್ಲ, ತಿಕ್ಕುತ್ತಿದೆ. ಮೊದಲು ಚಕ್ರದ ಮುಖ ಕೆರೆದು ಹೊಸದು ಮಾಡುವ ಡ್ರೆಸ್ಸರ್ ಹಾಯಿಸಿ. ಕನ್ನಡಕ ಹಾಕಿ, ಗ್ಲೌಸ್ ಬೇಡ. ಮೊದಲು ಅಂಚನ್ನು ಚಕ್ರಕ್ಕೆ ನೇರ ಹಿಡಿದು ಮೊಂಡು ಮಾಡಿ ನೀಲಿಯನ್ನು ತೆಗೆಯಿರಿ, ದಪ್ಪ ಅಂಚು ಬೇಗ ಕಾಯುವುದಿಲ್ಲ. ಆಮೇಲೆ ಓರೆ ಹಿಡಿಯಿರಿ. ಓರೆಯ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ ಕೋನ, ಸ್ಕೇಲಿನಲ್ಲೇ ಅಳೆಯಬಹುದು. ಎರಡು ಸೆಕೆಂಡು ಚಕ್ರಕ್ಕೆ, ಕೂಡಲೇ ನೀರಿಗೆ. ಬರಿಬೆರಳನ್ನು ಅಂಚಿನಿಂದ ಅಂಗುಲದೊಳಗೇ ಇಟ್ಟಿರಿ. ಬೆರಳು ತಾಳದಷ್ಟು ಬಿಸಿ ಎಂದರೆ 50–60 ಡಿಗ್ರಿ, ಆಗಲೇ ತೆಗೆಯಿರಿ. ಕೊನೆಯ ಕೂದಲೆಳೆಯಷ್ಟನ್ನು ಚಕ್ರದಲ್ಲಿ ಮುಗಿಸಬೇಡಿ. ಅದನ್ನು ಮಸೆಗಲ್ಲಿಗೆ ಬಿಡಿ, ಅಲ್ಲಿ ಹುಲ್ಲುಹಳದಿಯೂ ಹುಟ್ಟುವುದಿಲ್ಲ.