‘ಹೆಸರು ಕೊಟ್ಟರೆ ಸಾಕು’ ಎಂದು ಯಾರನ್ನೂ ಟ್ರಸ್ಟಿ ಮಾಡಬೇಡಿ

“ಸರ್, ನೀವು ಹೂಂ ಎಂದರೆ ಸಾಕು. ಸಭೆಗೆ ಬರಲೇಬೇಕೆಂದೇನಿಲ್ಲ. ಸಹಿಗೆ ನಡಾವಳಿ ಪುಸ್ತಕವನ್ನು ಮನೆಗೇ ಕಳಿಸುತ್ತೇವೆ. ಲೆಟರ್‌ಹೆಡ್ಡಿನಲ್ಲಿ ನಿಮ್ಮ ಹೆಸರಿದ್ದರೆ ನಮಗೆ ಅದೇ ಆಶೀರ್ವಾದ.”

ಸೇವಾ ಸಂಸ್ಥೆಗಳ ಲೆಕ್ಕಪರಿಶೋಧನೆಯೇ ನನ್ನ ವೃತ್ತಿಯ ಬಹುಪಾಲು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವೃದ್ಧಾಶ್ರಮವಿರಲಿ, ಶ್ರವಣದೋಷವುಳ್ಳ ಮಕ್ಕಳ ಶಾಲೆಯಿರಲಿ, ಊರಿನ ಗ್ರಂಥಾಲಯವಿರಲಿ, ಆಡಳಿತ ಮಂಡಳಿಗೆ ಜನ ಬೇಕಾದಾಗ ಸ್ಥಾಪಕರು ಆಡುವುದು ಇದೇ ಮಾತು. ಹೇಳುವವರು ಕೆಟ್ಟವರಲ್ಲ. ಊರಿನ ಹಿರಿಯ ವೈದ್ಯರ, ನಿವೃತ್ತ ಪ್ರಾಂಶುಪಾಲರ, ಅಂಗಡಿ ಬೀದಿಯ ಯಜಮಾನರ ಸಮಯ ಕೇಳಲು ಅವರಿಗೆ ಸಂಕೋಚ. ಕೇಳಿದರೆ ಇಲ್ಲವೆಂದುಬಿಟ್ಟಾರು ಎಂಬ ಭಯ. ಹಾಗಾಗಿ ಕೆಲಸವನ್ನೆಲ್ಲ ಮೊದಲೇ ಕೈಬಿಟ್ಟು ಹೆಸರನ್ನಷ್ಟೇ ಕೇಳುತ್ತಾರೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅವರೇ ನನ್ನ ಮೇಜಿನ ಎದುರು ಕುಳಿತು, “ಯಾರೂ ಸಭೆಗೆ ಬರುವುದಿಲ್ಲ, ಎಲ್ಲವನ್ನೂ ನಾನೊಬ್ಬಳೇ ಹೊರಬೇಕು” ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಬರಬೇಕಾಗಿಲ್ಲ ಎಂದು ಹೇಳಿಯೇ ಕರೆತಂದ ಜನ ಬಾರದಿದ್ದರೆ ಅವರನ್ನು ದೂರುವುದು ಹೇಗೆ?

ಹೇಳಬೇಕಾದ ಒಂದೇ ವಿಷಯವನ್ನು ಬಿಡಿಸಿ ಹೇಳುತ್ತೇನೆ. ‘ಹೆಸರಿಗಷ್ಟೇ ಟ್ರಸ್ಟಿ’ ಎಂಬ ಹುದ್ದೆ ಕಾನೂನಿನಲ್ಲಿ ಇಲ್ಲ. ನೀವು ಗೌರವದಿಂದ ಕೊಡುತ್ತಿರುವುದು ಶಾಲು, ಹಾರ, ನೆನಪಿನ ಕಾಣಿಕೆ ಅಲ್ಲ. ಅದು ಹೊಣೆ. ಆ ಹೊಣೆಯ ಬಗ್ಗೆ ತುಟಿ ಬಿಚ್ಚದೆ ಒಬ್ಬರಿಂದ ಸಹಿ ಪಡೆಯುವುದು ಅವರಿಗೆ ಮಾಡುವ ಅನ್ಯಾಯ.

ಟ್ರಸ್ಟನ್ನೇ ತೆಗೆದುಕೊಳ್ಳಿ. 1882ರ ಭಾರತೀಯ ನ್ಯಾಸ (ಟ್ರಸ್ಟ್) ಕಾಯ್ದೆ ನೇರವಾಗಿ ಖಾಸಗಿ ಟ್ರಸ್ಟುಗಳಿಗೆ ಸಂಬಂಧಿಸಿದ್ದು. ಆದರೆ ಸಾರ್ವಜನಿಕ ಧರ್ಮಾರ್ಥ ಟ್ರಸ್ಟುಗಳ ವ್ಯಾಜ್ಯ ಬಂದಾಗಲೂ ನ್ಯಾಯಾಲಯಗಳು ಅದರ ತತ್ವಗಳನ್ನು ಆಧಾರವಾಗಿ ಇಟ್ಟುಕೊಳ್ಳುವುದುಂಟು. ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುತ್ತಾನೋ ಅಷ್ಟು ಎಚ್ಚರದಿಂದ ಟ್ರಸ್ಟಿ ಟ್ರಸ್ಟಿನ ಆಸ್ತಿಯನ್ನು ನೋಡಿಕೊಳ್ಳಬೇಕು ಎನ್ನುತ್ತದೆ ಅದು. ತನ್ನ ಹೊಣೆಯನ್ನು ಮನಬಂದಂತೆ ಇನ್ನೊಬ್ಬರಿಗೆ ವಹಿಸಿ ಕೂರುವಂತಿಲ್ಲ. ಬೇರೊಬ್ಬ ಟ್ರಸ್ಟಿ ಮಾಡಿದ ತಪ್ಪಿಗೆ ಸಾಮಾನ್ಯವಾಗಿ ಇವರು ಹೊಣೆಯಲ್ಲ, ನಿಜ. ಆದರೆ ಹಣವನ್ನು ಆತನ ಕೈಗೆ ಬಿಟ್ಟು ಅದು ಏನಾಯಿತೆಂದು ವಿಚಾರಿಸದೆ ಇದ್ದರೆ ಆ ರಕ್ಷಣೆ ಉಳಿಯುವುದಿಲ್ಲ. ಮನೆಗೆ ಬಂದ ಪುಸ್ತಕಕ್ಕೆ ಓದದೆ ಸಹಿ ಹಾಕುವ ಟ್ರಸ್ಟಿ ನಿಂತಿರುವುದು ಸರಿಯಾಗಿ ಆ ಜಾಗದಲ್ಲಿಯೇ. ಇನ್ನೂ ಒಂದು ಮಾತಿದೆ. ಒಮ್ಮೆ ಒಪ್ಪಿಕೊಂಡ ಮೇಲೆ ಬೇಡವೆನಿಸಿದ ದಿನ ಎದ್ದು ಹೋಗುವುದೂ ಸುಲಭವಲ್ಲ. ರಾಜೀನಾಮೆಗೆ ಟ್ರಸ್ಟ್ ಡೀಡಿನಲ್ಲಿ, ಅಂದರೆ ಟ್ರಸ್ಟಿನ ಸ್ಥಾಪನಾ ಪತ್ರದಲ್ಲಿ, ದಾರಿ ಇರಬೇಕು. ಇಲ್ಲದಿದ್ದರೆ ನ್ಯಾಯಾಲಯದವರೆಗೂ ಹೋಗಬೇಕಾಗಬಹುದು. ನಿಮ್ಮ ಡೀಡಿನಲ್ಲಿ ಏನಿದೆ ಎಂಬುದನ್ನು ನೋಡದೆ ನಾನು ಖಚಿತವಾಗಿ ಹೇಳಲಾರೆ. ವಕೀಲರಿಗೆ ತೋರಿಸಿ.

ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಅಲ್ಲಿ ಕನಿಷ್ಠ ಏಳು ಜನ ಬೇಕು, ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಯಬೇಕು, ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಏಳು ಜನ ಬೇಕು ಎಂದ ಕೂಡಲೇ ನಮ್ಮವರು ಗಂಡ, ಹೆಂಡತಿ, ಭಾವಮೈದುನ, ಪಕ್ಕದ ಮನೆಯವರು ಎಂದು ಬೆರಳು ಮಡಚುತ್ತಾರೆ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನು ಕಟ್ಟಿದವರೂ ಏಳು ಜನರೇ. ಸಪ್ತರ್ಷಿಗಳು ಎಂದು ಇಂದಿಗೂ ನೆನೆಯುವ ಅವರು ಶಾಲೆ ಕಟ್ಟಲು ಹೊರಟವರು. ಆ ಏಳರಲ್ಲಿ ಒಬ್ಬರನ್ನೂ ಸಂಖ್ಯೆ ತುಂಬಿಸಲು ಕೂರಿಸಿರಲಿಲ್ಲ.

ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನಡಿ ನೋಂದಾಯಿಸಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಕಥೆ ಇನ್ನೂ ಬಿಗಿ. ಕಂಪನಿ ಸತತ ಮೂರು ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವಿವರ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ಈ ನಿಯಮದಡಿ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿದಾಗ ಹಲವರು ಹೈಕೋರ್ಟುಗಳ ಮೆಟ್ಟಿಲೇರಬೇಕಾಯಿತು. ನಿಮ್ಮ ಮಾತಿಗೆ ಕಟ್ಟುಬಿದ್ದು ಹೆಸರು ಕೊಟ್ಟ ವ್ಯಾಪಾರಿಯೊಬ್ಬರು ನಿಮ್ಮ ಕಚೇರಿಯ ಉದಾಸೀನದಿಂದ ತಮ್ಮದೇ ಕಂಪನಿಯ ನಿರ್ದೇಶಕ ಸ್ಥಾನಕ್ಕೂ ಕುತ್ತು ತಂದುಕೊಳ್ಳಬಹುದು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ 2020ರ ತಿದ್ದುಪಡಿಯ ನಂತರ ಪದಾಧಿಕಾರಿಗಳ ಆಧಾರ್‌ನಂಥ ಗುರುತಿನ ದಾಖಲೆ ಕೊಡಬೇಕು, ಪ್ರತಿಯೊಂದು ಹೆಸರಿನ ಪೂರ್ವಾಪರದ ತಪಾಸಣೆಯಾಗುತ್ತದೆ. ಇಷ್ಟೆಲ್ಲ ಇರುವಾಗ ‘ನಿಮಗೇನೂ ಕೆಲಸವಿಲ್ಲ’ ಎಂದು ಹೇಳುವ ಧೈರ್ಯ ಹೇಗೆ ಬರುತ್ತದೆ?

ಮಲೆನಾಡಿನ ಒಂದು ಶಾಲೆಯ ಟ್ರಸ್ಟ್ ಕಟ್ಟಡಕ್ಕೆ ಬ್ಯಾಂಕಿನಿಂದ ಸಾಲ ಕೇಳಿತ್ತು. ಬ್ಯಾಂಕಿನ ವಕೀಲರು ನಡಾವಳಿ ಪುಸ್ತಕ ತರಲು ಹೇಳಿದರು. ಮೊದಲ ಪುಟದಲ್ಲಿ ಶ್ರೀಕಾರ, ಅರಿಸಿನ ಕುಂಕುಮದ ಗುರುತು, ಮುತ್ತಿನಂಥ ಕೈಬರಹ. ಸಾಲದ ಠರಾವು ‘ಸರ್ವಾನುಮತದಿಂದ’ ಅಂಗೀಕಾರವಾಗಿತ್ತು, ಕೆಳಗೆ ಎಲ್ಲ ಟ್ರಸ್ಟಿಗಳ ಸಹಿಯೂ ಇತ್ತು. ಖಚಿತಪಡಿಸಿಕೊಳ್ಳಲು ಬ್ಯಾಂಕಿನವರು ಟ್ರಸ್ಟಿಗಳಲ್ಲಿ ಒಬ್ಬರಾದ ಹಿರಿಯ ವೈದ್ಯರಿಗೆ ಫೋನ್ ಮಾಡಿದರು. ಅವರು ಮುಗ್ಧವಾಗಿ, “ಆ ತಿಂಗಳು ನಾನು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆನಲ್ಲ!” ಎಂದರು. ವಾಪಸು ಬಂದ ಮೇಲೆ ಜವಾನ ತಂದುಕೊಟ್ಟ ಪುಸ್ತಕಕ್ಕೆ ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದ್ದರು. ಸಾಲ ಅಲ್ಲಿಗೇ ನಿಂತಿತು. ಟ್ರಸ್ಟಿನ ಜಮೀನು ಅಡಮಾನಕ್ಕೆ ಹೋಗುವುದಿತ್ತು ಎಂಬುದು ಆ ವೈದ್ಯರಿಗೆ ಮೊದಲು ತಿಳಿದದ್ದೂ ಆ ಫೋನಿನಲ್ಲಿಯೇ. ಅವರಿಗೆ ಬಹಳ ನೋವಾಯಿತು. ಒಂದು ರೂಪಾಯಿಯೂ ಅತ್ತಿತ್ತ ಆಗಿರಲಿಲ್ಲ, ಕಾರ್ಯದರ್ಶಿ ಪ್ರಾಮಾಣಿಕರು. ಆದರೂ ಪ್ರಾಮಾಣಿಕ ಸಂಸ್ಥೆಯೊಂದು ಬ್ಯಾಂಕಿನವರ ಕಣ್ಣಿಗೆ ಸುಳ್ಳು ದಾಖಲೆ ಬರೆಯುವ ಸಂಸ್ಥೆಯಾಗಿ ಕಂಡಿತು. ಸರಿಯಾದ ನೋಟೀಸು ಕೊಟ್ಟು, ಕೋರಂ ಕೂಡಿಸಿ, ನಿಜವಾದ ಸಭೆ ನಡೆಸಿದ ಮೇಲೆ ಅರ್ಜಿಯನ್ನು ಮೊದಲಿನಿಂದ ಹಾಕಬೇಕಾಯಿತು.

ಹಾಗಾದರೆ ಹೇಗೆ ಕರೆಯಬೇಕು? ಇರುವುದನ್ನು ಇರುವಂತೆ ಹೇಳಿ ಕರೆಯಬೇಕು. ಮನೆ ಬಾಡಿಗೆಗೆ ಕೊಡುವಾಗ ಎರಡೂ ಕಡೆಯವರು ಕೇಳಿಕೊಳ್ಳುವಷ್ಟು ಪ್ರಶ್ನೆಗಳನ್ನೂ ಟ್ರಸ್ಟಿಯಾಗುವವರೂ ಮಾಡುವವರೂ ಕೇಳಿಕೊಳ್ಳುವುದಿಲ್ಲ. ವರ್ಷಕ್ಕೆ ನಾಲ್ಕು ಸಭೆ, ಒಂದೊಂದಕ್ಕೂ ಅರ್ಧ ದಿನ, ಅದಕ್ಕೆ ಮೊದಲು ಲೆಕ್ಕ ಓದಲು ಒಂದು ಸಂಜೆ, ಅವಧಿ ಮೂರು ವರ್ಷ, ದೇಣಿಗೆಯನ್ನು ನಿರೀಕ್ಷಿಸುತ್ತೇವೆ ಅಥವಾ ನಿರೀಕ್ಷಿಸುವುದಿಲ್ಲ ಎಂದು ಒಂದು ಪುಟದ ಪತ್ರ ಬರೆದು ಕೈಗೆ ಕೊಡಿ. ಅದರ ಜೊತೆ ಟ್ರಸ್ಟ್ ಡೀಡ್ ಅಥವಾ ಬೈಲಾ, ಹಿಂದಿನ ಮೂರು ವರ್ಷಗಳ ಆಡಿಟ್ ವರದಿ, ಉತ್ತರ ಕೊಡಬೇಕಾಗಿರುವ ನೋಟೀಸುಗಳ ಪ್ರತಿ ಇರಲಿ. ನೋಟೀಸು ತೋರಿಸಿದರೆ ಹೆದರಿ ಓಡಿಹೋಗುತ್ತಾರೆ ಎಂದು ಅನೇಕರು ನನ್ನ ಜೊತೆ ವಾದಿಸುತ್ತಾರೆ. ಓಡಿಹೋಗುವವರು ಈಗಲೇ ಹೋಗಲಿ. ನೋಟೀಸನ್ನು ಓದಿ, “ಇದಕ್ಕೆ ಯಾರು ಉತ್ತರ ಬರೆಯುತ್ತಿದ್ದಾರೆ?” ಎಂದು ಕೇಳುವವರೇ ನಿಮಗೆ ಬೇಕಾದವರು.

ಯಾರನ್ನು ಕರೆಯಬೇಕು ಎಂಬುದಕ್ಕಿಂತ ಯಾವ ಕೆಲಸಕ್ಕೆ ಜನವಿಲ್ಲ ಎಂಬುದನ್ನು ಮೊದಲು ಬರೆದುಕೊಳ್ಳಿ. ಲೆಕ್ಕ ಓದಬಲ್ಲವರು ಒಬ್ಬರೂ ಇಲ್ಲವೇ? ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು ಪ್ರಸಿದ್ಧ ಸಾಹಿತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅಂಗವಿಕಲ ಮಕ್ಕಳ ಶಾಲೆ ನಡೆಸುತ್ತಿದ್ದರೆ ಅಂಥ ಮಗುವಿನ ತಾಯಿಯೊಬ್ಬರು ಮಂಡಳಿಯಲ್ಲಿ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅವರಿಗೆ ಗೊತ್ತಿರುವುದು ನಮಗೆ ಯಾರಿಗೂ ಗೊತ್ತಿರುವುದಿಲ್ಲ. ಒಂದೇ ಓಣಿ, ಒಂದೇ ಜಾತಿ, ಒಂದೇ ವಯಸ್ಸಿನ ಜನ ಸೇರಿದ ಮಂಡಳಿಯಲ್ಲಿ ಸಭೆ ಬೇಗ ಮುಗಿಯುತ್ತದೆ, ಪ್ರಶ್ನೆ ಮಾತ್ರ ಹುಟ್ಟುವುದಿಲ್ಲ.

ಸಿಕ್ಕವರನ್ನು ನೇರವಾಗಿ ಮಂಡಳಿಗೆ ತಂದು ಕೂರಿಸುವುದೂ ಬೇಡ. ಮೊದಲು ಕೆಲಸ ನಡೆಯುವ ಜಾಗಕ್ಕೆ, ಕೆಲಸ ನಡೆಯುವ ದಿನ ಕರೆಯಿರಿ. ವಾರ್ಷಿಕೋತ್ಸವಕ್ಕೆ ಕರೆದು ವೇದಿಕೆಯಲ್ಲಿ ಕೂರಿಸಿದರೆ ಅವರಿಗೆ ಕಾಣುವುದು ಹೂವಿನ ಬೊಕೆ ಮಾತ್ರ. ಬುಧವಾರ ಬೆಳಗ್ಗೆ ಅಡುಗೆಯವರು ರಜೆ ಹಾಕಿರುವಾಗ ಬರಲಿ. ಆಮೇಲೆ ಕಟ್ಟಡದ್ದೋ ಖರೀದಿಯದ್ದೋ ಒಂದು ಉಪಸಮಿತಿಯಲ್ಲಿ ಒಂದು ವರ್ಷ ದುಡಿಯಲಿ. ನಿಮಗೂ ಅವರ ಸ್ವಭಾವ ತಿಳಿಯುತ್ತದೆ, ಅವರಿಗೂ ನಿಮ್ಮದು.

ಬಂದವರನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಉತ್ತರ ಕರ್ನಾಟಕದ ಒಂದು ವಿಶೇಷ ಶಾಲೆಗೆ ಬ್ಯಾಂಕಿನಿಂದ ನಿವೃತ್ತರಾದ ಮಹಿಳೆಯೊಬ್ಬರು ಟ್ರಸ್ಟಿಯಾಗಿ ಬಂದರು. ಮೊದಲ ಸಭೆಯಲ್ಲಿಯೇ, “ಮಕ್ಕಳನ್ನು ಕರೆತರುವ ವ್ಯಾನಿನ ವಿಮೆಯ ಕಾಗದ ನೋಡಬಹುದೇ?” ಎಂದು ಕೇಳಿದರು. ವಿಮೆಯ ಅವಧಿ ಮುಗಿದು ಬಹಳ ದಿನಗಳಾಗಿದ್ದವು. ಮರುದಿನವೇ ಕಾರ್ಯದರ್ಶಿ ಹೋಗಿ ಕಂತು ಕಟ್ಟಿದರು. ಸಂಜೆ ನನಗೆ ಫೋನ್ ಮಾಡಿ, “ಅಕ್ಕಾವರು ಬಂದ ದಿನವೇ ತಪ್ಪು ಹುಡುಕುತ್ತಾರೆ, ಇವರನ್ನು ಹೇಗೆ ಕೈಬಿಡುವುದು?” ಎಂದರು. ನನಗೆ ಸಿಟ್ಟು ಬಂದದ್ದು ನಿಜ. ಆ ವ್ಯಾನಿನಲ್ಲಿ ದಿನವೂ ಓಡಾಡುತ್ತಿದ್ದ ಮಕ್ಕಳನ್ನು ನೆನೆಯಿರಿ ಎಂದೆ. ಇಪ್ಪತ್ತು ವರ್ಷ ಒಂಟಿಯಾಗಿ ಸಂಸ್ಥೆ ಕಟ್ಟಿದವರಿಗೆ ಪ್ರಶ್ನೆ ಎಂದರೆ ಅಪಮಾನ ಎನಿಸುವುದು ನನಗೆ ಅರ್ಥವಾಗುತ್ತದೆ. ಪ್ರಶ್ನೆ ಕೇಳುವವರನ್ನು ಸಹಿಸದ ಸ್ಥಾಪಕರಿಗೆ ಸಹಿ ಹಾಕುವವರು ಮಾತ್ರ ಉಳಿಯುತ್ತಾರೆ ಎಂಬುದನ್ನು ಅವರಿಗೆ ಸಮಾಧಾನದಿಂದ ಹೇಳಿದೆ. ಆ ಅಕ್ಕಾವರು ಇಂದು ಅಲ್ಲಿನ ಖಜಾಂಚಿ. ಕಾರ್ಯದರ್ಶಿಯವರು ಈಗ ಯಾವ ಚೆಕ್ಕನ್ನೂ ಅವರ ಜೊತೆ ಮಾತಾಡದೆ ಬರೆಯುವುದಿಲ್ಲ.

ಸಭೆಯ ನೋಟೀಸಿನ ಜೊತೆಗೇ ಲೆಕ್ಕವನ್ನೂ ಒಂದು ವಾರ ಮೊದಲು ಕಳಿಸಿ. ಉಪ್ಪಿಟ್ಟು ಕಾಫಿ ಆದ ಮೇಲೆ ಆಡಿಟ್ ವರದಿ ಹಂಚಿ, “ಎಲ್ಲರೂ ಒಪ್ಪಿದಂತೆ ಅಲ್ಲವೇ?” ಎಂದು ಕೇಳುವ ಪದ್ಧತಿಯನ್ನು ನಿಲ್ಲಿಸಿ. ಪ್ರತಿ ಟ್ರಸ್ಟಿಗೂ ಅವರದೇ ಎನ್ನುವ ಒಂದು ಕೆಲಸವಿರಲಿ. ದೂರದ ಹಳ್ಳಿಯಿಂದ ಬರುವವರಿಗೆ ಬಸ್ ಚಾರ್ಜು ಕೊಡಿ. ಟ್ರಸ್ಟಿ ಸಂಭಾವನೆ ಪಡೆಯುವಂತಿಲ್ಲ ಎಂಬ ನಿಯಮವನ್ನು ಹಿಡಿದು ಇದನ್ನೂ ಕೊಡದೆ, ಅಂಗವಿಕಲ ಮಗುವಿನ ತಾಯಿಯಂಥ ಟ್ರಸ್ಟಿ ಎರಡನೆಯ ಸಭೆಗೇ ಬಾರದಂತಾದ ಕಡೆಗಳಿವೆ. ಸಂಸ್ಥೆಯ ಕೆಲಸಕ್ಕೆ ನಿಜವಾಗಿ ಆದ ಖರ್ಚನ್ನು ರಸೀದಿ, ವೋಚರು ಇಟ್ಟುಕೊಂಡು ಕೊಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಟ್ರಸ್ಟಿಯ ಅಥವಾ ಅವರ ಸಂಬಂಧಿಕರ ಅಂಗಡಿಯಿಂದ ಸಾಮಾನು ಕೊಳ್ಳುವುದು ಮಾತ್ರ ಬೇರೆಯ ವಿಷಯ. ಅವರಿಗೆ ಅನುಚಿತ ಲಾಭವಾಯಿತೆಂದು ಕಂಡರೆ ಆದಾಯ ತೆರಿಗೆಯ ವಿನಾಯಿತಿಗೇ ತೊಂದರೆ. ಅಂಥ ವ್ಯವಹಾರಕ್ಕೆ ಮೊದಲು ನಿಮ್ಮ ಆಡಿಟರನ್ನು ಕೇಳಿ, ಆದ ಮೇಲೆ ಅಲ್ಲ.

ದೊಡ್ಡ ದಾನಿಗಳನ್ನು ಮಂಡಳಿಗೆ ತರಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕೆಲಸ ಮಾಡುವ ದಾನಿಯಾದರೆ ಧಾರಾಳವಾಗಿ ತನ್ನಿ. ಹಣ ಕೊಟ್ಟದ್ದಕ್ಕೆ ಕುರ್ಚಿ ಎಂಬ ಲೆಕ್ಕವಾದರೆ ಬೇಡ.

ಈಗಾಗಲೇ ಹೆಸರಿಗಷ್ಟೇ ಇರುವ ಹಿರಿಯರನ್ನು ಏನು ಮಾಡುವುದು? ಅವರ ಮನೆಗೆ ಹೋಗಿ. ಈ ಸಲ ನಡಾವಳಿ ಪುಸ್ತಕದ ಬದಲು ಆಡಿಟ್ ವರದಿಯನ್ನು ಹಿಡಿದುಕೊಂಡು ಹೋಗಿ, ಅವರ ಹೊಣೆ ಏನೆಂಬುದನ್ನು ವಿವರಿಸಿ, ಮುಂದುವರಿಯುವ ಮನಸ್ಸಿದೆಯೇ ಎಂದು ಕೇಳಿ. ಕೆಲವರು, “ಇದನ್ನು ಮೊದಲೇ ಹೇಳಬಾರದಿತ್ತೇ, ನಾನು ಬರುತ್ತಿದ್ದೆನಲ್ಲ” ಎನ್ನುತ್ತಾರೆ. ಆಗುವುದಿಲ್ಲ ಎನ್ನುವವರನ್ನು ಅಭಿಮಾನದಿಂದಲೇ ಗೌರವ ಸಲಹೆಗಾರರನ್ನಾಗಿ ಮಾಡಿಕೊಳ್ಳಿ. ಮತದಾನ, ಚೆಕ್ಕಿನ ಸಹಿ, ಆಡಳಿತದ ಅಧಿಕಾರ ಯಾವುದೂ ಇಲ್ಲದ ಆ ಸ್ಥಾನವನ್ನು ಠರಾವಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಲೆಟರ್‌ಹೆಡ್ಡಿನಲ್ಲಿ ಅವರ ಹೆಸರು ಬೇಕಿದ್ದರೆ ಸಲಹೆಗಾರರ ಪಟ್ಟಿಯಲ್ಲಿ ಇರಲಿ. ರಾಜೀನಾಮೆ ಡೀಡಿನ ಅಥವಾ ಬೈಲಾದ ಪ್ರಕಾರವೇ ಲಿಖಿತವಾಗಿ ಬರಬೇಕು, ಸಭೆಯಲ್ಲಿ ಅಂಗೀಕಾರವಾಗಬೇಕು. ಬದಲಾವಣೆ ನೋಂದಣಾಧಿಕಾರಿಯ ದಾಖಲೆ, ಬ್ಯಾಂಕು, ಸೇವಾ ಸಂಸ್ಥೆಗಳ ವಿವರವಿರುವ ಸರ್ಕಾರಿ ಜಾಲತಾಣವಾದ ದರ್ಪಣ್ ಪೋರ್ಟಲ್, ವಿದೇಶಿ ದೇಣಿಗೆಯಿದ್ದರೆ ಗೃಹ ಸಚಿವಾಲಯ, ಎಲ್ಲ ಕಡೆಯೂ ದಾಖಲಾಗಬೇಕು. ಬ್ಯಾಂಕಿನಲ್ಲಿ ಹಳೆಯ ಸಹಿ ಹಾಗೆಯೇ ಉಳಿದುಹೋಗುವುದು ಬಹಳ ಕಡೆ ಕಾಣುತ್ತದೆ. ಅದನ್ನು ಮೊದಲು ಸರಿಪಡಿಸಿಕೊಳ್ಳಿ.